ಡಿವಿಡಿ ಆರಿಸುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನನ್ನವರೆಗೆ ಬರುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಅವರ ತಂಗಿ ಫೋನ್ ಮಾಡಿ, “ಅಕ್ಕನ ಪುಸ್ತಕದಲ್ಲಿ ನಿಮ್ಮ ನಂಬರ್ ಇತ್ತು. ಹೇಳ್ಬೇಕು ಅನ್ನಿಸ್ತು,” ಅಂದರು. ಆಕೆಗೆ ನಾನು ಯಾರೆಂದು ಗೊತ್ತಿರಲಿಲ್ಲ. “ಜೊತೆಗೆ ಕೆಲಸ ಮಾಡಿದವನು,” ಅಂದೆ. ಜೊತೆಗಿದ್ದದ್ದು ಎರಡು ವರ್ಷವೂ ತುಂಬಲಿಲ್ಲ. ಆದರೆ ನನ್ನ ಬದುಕಿನಲ್ಲಿ ಇನ್ಯಾರ ಪಕ್ಕದಲ್ಲೂ ಅಷ್ಟು ಹೊತ್ತು ಮಾತಿಲ್ಲದೆ ಕೂತು, ಇಬ್ಬರೂ ಒಂದೇ ಕಡೆ ನೋಡಿದ್ದಿಲ್ಲ.

ಆಗಿನ್ನೂ ಡಿವಿಡಿ ಹೊಸದು. ನಾನು ಕುಷ್ಟಗಿ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದಿದ್ದೆ. ಅಲ್ಲೇ ನಡೆದು ಹೋಗುವಷ್ಟು ಹತ್ತಿರ ಒಂದು ಸಣ್ಣ ಖಾಸಗಿ ಕಾಲೇಜು. ಪತ್ರಿಕೋದ್ಯಮ, ಜಾಹೀರಾತು, ಸ್ವಲ್ಪ ಸಿನಿಮಾ ಕಲಿಸುತ್ತಿದ್ದರು. ಕಟ್ಟಡದ ಮಾಲೀಕರು ಬಿಳೇಕಹಳ್ಳಿಯ ಪಿಳ್ಳಪ್ಪನವರು. ಅವರು ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದ ಮೇಲೇ ಎದ್ದ ಮೂರಂತಸ್ತು. ಕಾಲೇಜಿನ ಗ್ರಂಥಾಲಯಕ್ಕೆ ಮೇಡಂ ಮುಖ್ಯಸ್ಥೆ, ನಾನು ಅಸಿಸ್ಟೆಂಟ್.

ಕೆಲಸಕ್ಕೆ ಸೇರಿದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. “ಸಿನಿಮಾ ನೋಡ್ತೀರಾ?”

“ನೋಡ್ತೀನ್ರಿ ಮೇಡಂ. ಟಾಕೀಸ್‌ನಾಗ.”

“ಅಲ್ಲಿ ಕೊಟ್ಟಿದ್ದನ್ನ ನೋಡ್ತೀವಿ. ಇಲ್ಲಿ ಆರಿಸ್ಬೇಕು. ಕೂತ್ಕೊಳ್ಳಿ.”

ಐವತ್ತು ದಾಟಿದ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಎಡಗೈಗೆ ಗಂಡಸರ ವಾಚು. ಜವಾನನಿಗೂ, ಪ್ರಿನ್ಸಿಪಾಲರಿಗೂ, ಹದಿನೆಂಟರ ಹುಡುಗಿಯರಿಗೂ ಒಂದೇ “ನೀವು”. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವರ್ಷಕ್ಕೆ ಇಂತಿಷ್ಟೇ ಡಿವಿಡಿ ಕೊಳ್ಳಬಹುದು ಎಂದು ಕಾಲೇಜಿನ ಲೆಕ್ಕ. ಗುರುವಾರ ಗುರುವಾರ ಒಬ್ಬ ಮಾರಾಟದವನು ಬಂದು ಬ್ಯಾಗಿನ ತುಂಬ ಸಿನಿಮಾ, ಡಾಕ್ಯುಮೆಂಟರಿ ಇಟ್ಟು ಹೋಗುತ್ತಿದ್ದ. ವಾರದೊಳಗೆ ನೋಡಿ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ವಾಪಸು ಕೊಡಬೇಕು. ಬೇರೆ ಕಾಲೇಜುಗಳಲ್ಲಿ ಡಬ್ಬದ ಹಿಂದಿನ ನಾಲ್ಕು ಸಾಲು ಓದಿ ಆರಿಸುತ್ತಿದ್ದರಂತೆ. ಮೇಡಂ ಪ್ರತಿಯೊಂದನ್ನೂ ಪೂರ್ತಿ ನೋಡುವವರು. ಅದಕ್ಕೂ ಮೊದಲು ಕೊನೆಯ ಹತ್ತು ನಿಮಿಷ ನೋಡುತ್ತಿದ್ದರು. “ಹುಳಿ ಹೇಗಾಗಿದೆ ಅಂತ ನೋಡೋಕೆ ಸೌಟು ತಳಕ್ಕೆ ಹೋಗ್ಬೇಕು. ಮೊದಲ ಹತ್ತು ನಿಮಿಷ ಎಲ್ರೂ ಚೆನ್ನಾಗೇ ಮಾಡ್ತಾರೆ,” ಅನ್ನುತ್ತಿದ್ದರು.

ನೋಡಿ ಮುಗಿದ ಮೇಲೆ ಅವರದು ಒಂದೇ ಪರೀಕ್ಷೆ: “ಎರಡನೇ ಸಲ ಯಾರು ನೋಡ್ತಾರೆ?” ನಾನು ಒಂದು ಹೆಸರಾದರೂ ಹೇಳಬೇಕು, ಆ ಹುಡುಗಿ, ಈ ಹುಡುಗ, ಇಂಥ ಲೆಕ್ಚರರ್ ಎಂದು. ಹೇಳಲಾಗದಿದ್ದರೆ ಡಿಸ್ಕು ಬ್ಯಾಗಿಗೆ. ಪ್ರಿನ್ಸಿಪಾಲರು ಆಸೆಪಟ್ಟ ಜೋರು ಸಿನಿಮಾವೊಂದನ್ನು ಹೀಗೇ ವಾಪಸು ಮಾಡಿದ್ದರು. “ಸರ್, ಹಬ್ಬ ಬಂದ್ರೆ ಟಿವೀಲಿ ಹಾಕೇ ಹಾಕ್ತಾರೆ. ನಮ್ಮ ಬೀರೂಲಿ ಅದಕ್ಕೆ ಯಾಕೆ ಜಾಗ?” ಅವರು ಮುಖ ಸಿಂಡರಿಸಿ ಹೋದರು. ಬದಲಿಗೆ ಮೇಡಂ ಇಟ್ಟುಕೊಂಡದ್ದು, ಒಬ್ಬ ಮುದುಕಿ ಒಂದು ಗಂಟೆ ಕಾಲ ಚಾಪೆ ನೇಯುವ ಡಾಕ್ಯುಮೆಂಟರಿ. ಅದರಲ್ಲಿ ಮಾತೇ ಇಲ್ಲ. ತೋರಿಸಿದಾಗ ಅರ್ಧ ಕ್ಲಾಸು ನಿದ್ದೆ ಹೋಯಿತು. ಆದರೆ ದಾವಣಗೆರೆಯ ಒಬ್ಬ ಹುಡುಗಿ ಅದನ್ನು ಆ ವರ್ಷ ಒಂಬತ್ತು ಸಲ ಮನೆಗೆ ಒಯ್ದಳು.

ಇನ್ನೊಮ್ಮೆ ಹಕ್ಕಿಗಳ ಡಾಕ್ಯುಮೆಂಟರಿ. ಬಣ್ಣ ನೋಡಿದರೆ ಕಣ್ಣು ತುಂಬಬೇಕು. ಮೇಡಂ ನಡುವೆ ನಿಲ್ಲಿಸಿ, “ಈ ಹಕ್ಕಿ ಹೀಗೆ ಕೂಗಲ್ಲ,” ಅಂದರು. ಅವರು ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆಯುವವರು. ಮಾರಾಟದವನು ನಕ್ಕ. “ಮೇಡಂ, ಫಾರಿನ್ ಕಂಪನಿಯೋರು ಮಾಡಿರೋದು.”

“ಕಂಪನಿ ಫಾರಿನ್ ಇರ್ಬಹುದು. ಹಕ್ಕಿ ನಮ್ಮೂರಿಂದು. ಬೇರೆ ಹಕ್ಕಿ ದನಿ ಅಂಟಿಸಿದಾರೆ. ದನಿಯಲ್ಲಿ ಸುಳ್ಳು ಹೇಳೋರು ಬೇರೆ ಎಲ್ಲೆಲ್ಲಿ ಹೇಳಿದಾರೋ. ಬೇಡ.”

ನಾವು ನೋಡುತ್ತಿದ್ದ ಕೋಣೆ ಮೊದಲ ಮಹಡಿಯ ಹಿಂದಿನ ಮೂಲೆಯಲ್ಲಿತ್ತು. ನಲವತ್ತು ಕುರ್ಚಿ, ಒಂದು ದೊಡ್ಡ ಟಿವಿ, ಗಾಜಿನ ಬಾಗಿಲಿನ ಬೀರು. ಆ ಕೋಣೆ ಈಗಿಲ್ಲ.

ಪಕ್ಕದ ಸೈಟಿನಲ್ಲಿ ಪಾಯ ಅಗೆಯುವುದು ಶುರುವಾದದ್ದು ನಾನು ಸೇರಿದ ಎರಡನೇ ವರ್ಷ, ಚಳಿಗಾಲ ಮುಗಿಯುವ ಹೊತ್ತಿಗೆ. ನೆಲದ ಕೆಳಗೆ ಎರಡು ಅಂತಸ್ತು ಕಾರು ನಿಲ್ಲಿಸಲು ಬೇಕಂತೆ. ನಮ್ಮ ಗೋಡೆಯ ಬುಡಕ್ಕೇ ಅಗೆದರು. ಕಿಟಕಿಯಿಂದ ಬಗ್ಗಿದರೆ ಕೆಂಪು ಮಣ್ಣಿನ ಗುಂಡಿ ದಿನದಿಂದ ದಿನಕ್ಕೆ ಆಳವಾಗುತ್ತಿತ್ತು. ಅಗೆಯುವವರು ನಮ್ಮ ಕಡೆಯವರು. ಟೀ ಅಂಗಡಿಯಲ್ಲಿ ನನ್ನ ಮಾತು ಕೇಳಿ ಒಬ್ಬ ತಿರುಗಿ ನೋಡಿದ.

“ಯಾ ಊರ್ರಿ ಸರ?”

“ಕುಷ್ಟಗಿ.”

“ನಮ್ದು ಲಿಂಗಸುಗೂರ ಬಾಜೂಕ. ಅಂದ್ರ ನಮ್ಮೋರ ಆದ್ರಿ ಬಿಡ್ರಿ!”

ಅವನ ಹೆಸರು ದುರಗಪ್ಪ. ಹೆಂಡತಿ ಹುಲಿಗೆಮ್ಮ ಸೈಟಿನ ಆಚೆ ತುದಿಯ ತಗಡಿನ ಶೆಡ್ಡಿನಲ್ಲಿ ಅಡುಗೆ ಮಾಡುತ್ತಿದ್ದಳು. ಒಂದೆರಡು ಸಲ ನನ್ನನ್ನು ಕೂಗಿ ಕರೆದು ರೊಟ್ಟಿ, ಪುಂಡಿಪಲ್ಯ ಕೊಟ್ಟಿದ್ದಳು. ಬೆಂಗಳೂರಿಗೆ ಬಂದ ಮೇಲೆ ನನ್ನ ಹೊಟ್ಟೆ ತಣ್ಣಗಾದದ್ದು ಆಗಲೇ.

ಆ ದಿನಗಳಲ್ಲಿ ಮಾರಾಟದವನು ತಂದ ಡಿಸ್ಕುಗಳೆಲ್ಲ ಕೆಟ್ಟವೇ ಬರತೊಡಗಿದವು. ಚಿತ್ರ ಓಡುತ್ತ ಓಡುತ್ತ ನಿಲ್ಲುತ್ತಿತ್ತು, ಮುಖಗಳು ಚೌಕ ಚೌಕ ಒಡೆದು ಮತ್ತೆ ಕೂಡಿಕೊಳ್ಳುತ್ತಿದ್ದವು. ಅವರು ಡಿಸ್ಕನ್ನು ಬೆರಳಿಗೆ ಸಿಕ್ಕಿಸಿ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿದರೆ ಒಂದು ಗೀರೂ ಇಲ್ಲ. ಮಾರಾಟದವನು ಅಳುವುದೊಂದು ಬಾಕಿ. “ಮೇಡಂ, ನಮ್ಮ ಅಂಗಡೀಲಿ ನೀಟಾಗಿ ಓಡ್ತು. ಬೇಕಾದ್ರೆ ಬಂದು ನೋಡಿ.” ಮೇಡಂ ನಿಜವಾಗಿಯೂ ಜಯನಗರದ ಅವನ ಅಂಗಡಿಗೆ ಹೋಗಿ ನೋಡಿದರು. ಓಡಿತು.

ಮರುದಿನ ಅವರು ಸಿನಿಮಾ ಹಾಕದೆ, ಖಾಲಿ ಪ್ಲೇಯರಿನ ಮೇಲೆ ಅಂಗೈ ಇಟ್ಟು ಕೂತರು. ಹೊರಗೆ ಬಂಡೆ ಒಡೆಯುವ ಯಂತ್ರ ಕುಟ್ಟಿದಾಗಲೆಲ್ಲ ಪ್ಲೇಯರು ಅದುರುತ್ತಿತ್ತು. ಬೀರುವಿನ ಗಾಜಿನ ಬಾಗಿಲು ಯಾರೂ ಮುಟ್ಟದೆ ಕಿರ್ರೆಂದು ತಾನಾಗಿ ತೆರೆದುಕೊಂಡಿತು. ಮೇಡಂ ಎದ್ದು ಮುಚ್ಚಿದರು. ಅದು ಮತ್ತೆ ತೆರೆದುಕೊಂಡಿತು. ಬೀರುವನ್ನು ಸ್ವಲ್ಪ ಎಳೆಯಲು ನನಗೆ ಹೇಳಿದರು. ಎಳೆದಾಗ ಹಿಂದಿನ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ನೆಲದವರೆಗೆ ಓರೆಯಾಗಿ ಇಳಿದ ಬಿರುಕು ಕಂಡಿತು. ನನ್ನ ಕಿರುಬೆರಳಿನ ಉಗುರು ಅದರೊಳಗೆ ಹೋಗುತ್ತಿತ್ತು.

“ಇದು ಯಾವಾಗಿಂದ ಇದೆ?” ಮೇಡಂ ಕೇಳಿದರು. ಪಿಳ್ಳಪ್ಪನವರಿಗೆ ಹೇಳಿ ಕಳಿಸಿದರೆ ಅವರ ಮೇಸ್ತ್ರಿ ಬಂದ, “ಬರೀ ಪ್ಲಾಸ್ಟರ್ ಬಿಟ್ಟಿರೋದು,” ಅಂದ, ಸಿಮೆಂಟು ಮೆತ್ತಿ ಹೋದ. ವಾರದಲ್ಲಿ ಅದೇ ಗೆರೆ ಸಿಮೆಂಟಿನ ಮೇಲೆ ಎದ್ದಿತು.

ಆಗ ಮೇಡಂ ವಾಪಸು ಕೊಡಬೇಕಾದ ಬ್ಯಾಗಿಗೆ ಕೈ ಹಾಕಿ ಒಂದು ಡಿಸ್ಕು ತೆಗೆದರು. ಯಾವುದೋ ದೂರದೇಶದ ಗಣಿ ಊರಿನ ಡಾಕ್ಯುಮೆಂಟರಿ. ಊರಿನ ಶಾಲೆಯ ಗೋಡೆ ಬಿರಿಯುತ್ತದೆ. ಕೆಲಸದಿಂದ ನಿವೃತ್ತನಾದ ಒಬ್ಬ ಎಂಜಿನಿಯರು ಬಿರುಕಿನ ಮೇಲೆ ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸುತ್ತಾನೆ. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತದೆ. ಜನ ನಗುತ್ತಾರೆ. ಎರಡನೇ ಸಲ ಯಾರೂ ನೋಡುವುದಿಲ್ಲವೆಂದು ನಾವಿಬ್ಬರೂ ಸೇರಿ ಬೇಡವೆಂದದ್ದು ಅದನ್ನೇ. ಈಗ ಮೇಡಂ ಎರಡನೇ ಸಲ ನೋಡಿದರು, ಮೂರನೇ ಸಲವೂ ನೋಡಿದರು. ಕೊಂಡ ಪಟ್ಟಿಯಲ್ಲಿ ಅದನ್ನು ಬರೆದರು. ಪ್ರಿನ್ಸಿಪಾಲರು, “ಇದನ್ನ ಯಾರು ನೋಡ್ತಾರೆ ಮೇಡಂ?” ಅಂದಾಗ “ನಾನು ನೋಡ್ತೀನಿ ಸರ್,” ಅಂದರು.

ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಬೆರಳಗಲದ ಗಾಜಿನ ಪಟ್ಟಿ ಕೊಯ್ಯಿಸಿ ತಂದು, ಬಿರುಕಿನುದ್ದಕ್ಕೂ ಮೂರು ಕಡೆ ಅಂಟಿಸಿದರು. ಪ್ರತಿಯೊಂದರ ಪಕ್ಕದಲ್ಲಿ ತಾರೀಖು. ಹನ್ನೆರಡನೇ ದಿನ ಮೇಲಿನದು ಒಡೆಯಿತು. ಸದ್ದೇನೂ ಆಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ನಡುವೆ ಕೂದಲೆಳೆಯಷ್ಟು ಗೆರೆ, ಅಷ್ಟೇ. ಮೇಡಂ ಅದರ ಪಕ್ಕದಲ್ಲಿ ಆ ದಿನದ ತಾರೀಖನ್ನೂ ಬರೆದರು. ಆಮೇಲೆ ಪಿಳ್ಳಪ್ಪನವರಿಗೆ ತಾವೇ ಫೋನ್ ಮಾಡಿದರು.

ಪಿಳ್ಳಪ್ಪನವರು ಬಿಳಿ ಪಂಚೆ, ಬಿಳಿ ಶರ್ಟು, ಹೆಗಲ ಮೇಲೆ ಟವಲು ಹಾಕಿಕೊಂಡು ನಗುತ್ತಲೇ ಬಂದರು. “ಏನ್ ಮೇಡಮ್ಮೋರೆ, ಪಿಚ್ಚರ್ ತೋರಿಸ್ತೀನಿ ಅಂದ್ರಂತೆ. ನಮ್ಗೆಲ್ಲಿ ಇಂಗ್ಲಿಷ್ ಬತ್ತದೆ?”

“ನಾನು ಹೇಳ್ತಾ ಹೋಗ್ತೀನಿ. ಕೂತ್ಕೊಳ್ಳಿ.”

ಮೇಡಂ ಮಾತು ಮಾತನ್ನೂ ಕನ್ನಡದಲ್ಲಿ ಹೇಳುತ್ತ ಹೋದರು. ಪಿಳ್ಳಪ್ಪನವರು ಮೊದಮೊದಲು ಕಾಲು ಅಲ್ಲಾಡಿಸುತ್ತ ಕೂತಿದ್ದರು. ಗಾಜಿನ ಪಟ್ಟಿ ಬಂದಾಗ ತಿರುಗಿ ನಮ್ಮ ಗೋಡೆ ನೋಡಿದರು. ಆಮೇಲೆ ಒಬ್ಬ ಮುದುಕ ಹಳೆಯ ನಕಾಶೆಯ ಮೇಲೆ ಬೆರಳಿಟ್ಟು ಏನೋ ಹೇಳುವ ದೃಶ್ಯ. ಅಲ್ಲಿ ಮೇಡಂ ಬಾಯಿ ತೆರೆಯುವ ಮೊದಲೇ ಅವರು ಕೇಳಿದರು. “ಅವ್ನು ಏನಂದ?”

“ಇಲ್ಲಿ ಗುಂಡಿ ಇತ್ತು, ಮುಚ್ಚಿ ಮಣ್ಣು ಹಾಕಿದ್ವಿ, ಯಾರಿಗೂ ಹೇಳ್ಲಿಲ್ಲ ಅಂತಿದಾನೆ.”

“ನಿಲ್ಸಿ ಮೇಡಮ್ಮೋರೆ.”

ನಿಲ್ಲಿಸಿದರು. ಪಿಳ್ಳಪ್ಪನವರು ಟವಲಿನಿಂದ ಕುತ್ತಿಗೆ ಒರೆಸಿಕೊಂಡರು. “ನಮ್ಮಪ್ಪನ ಬಾವಿ ಇತ್ತು ಇಲ್ಲಿ. ಇದೇ ಮೂಲೇಲಿ. ಎತ್ತು ಕಟ್ಟಿ ಕಪಿಲೆ ಹೊಡೀತಿದ್ದ. ಲೇಔಟ್ ಆದಾಗ ನಾನೂ ನನ್ ತಮ್ಮಾನೂ ಸೇರ್ಕೊಂಡು ಒಡೆದ ಇಟ್ಟಿಗೆ, ಕಸ, ಕೈಗೆ ಸಿಕ್ಕಿದ್ದೆಲ್ಲ ತುಂಬ್ಬುಟ್ವಿ. ಅದ್ರ ಮ್ಯಾಲೇ ಐತೆ ಇದು.”

“ಪಕ್ಕದಲ್ಲಿ ಅಗೀತಿರೋದು...”

“ಅವ್ನೇ. ನನ್ ತಮ್ಮ.”

“ಹಾಗಾದ್ರೆ ಅವರಿಗೂ ಬಾವಿ ವಿಷಯ ಗೊತ್ತಿದೆ. ನೀವು ಹೋಗಿ ಹೇಳಿದ್ರೆ ನಿಲ್ಲಿಸ್ತಾರೆ.”

“ಭಾಗ ಆದ್ಮೇಲೆ ಅವ್ನ ಮುಖ ನೋಡಿ ಏಳು ವರ್ಸ ಆಯ್ತು. ನಾನು ಅವ್ನ ಬಾಗ್ಲಿಗೆ ಹೋಗಲ್ಲ.”

“ನಾನು ಹೋಗ್ಲಾ?”

“ನೀವು ಹೋದ್ರೆ ನಾನೇ ಕಳ್ಸ್ದೆ ಅಂತಾನೆ. ಇನ್ನೊಂದಾಳು ಆಳ ಜಾಸ್ತಿ ತೋಡಿಸ್ತಾನೆ. ಬುಟ್ಬುಡಿ, ನಾನು ನೋಡ್ಕೋತೀನಿ.”

ಮೇಡಂ ಬಿಟ್ಟರು. ಇಷ್ಟು ವರ್ಷದ ಮೇಲೆ ಅವರ ಬಗ್ಗೆ ಬರೆಯುವಾಗ ನನ್ನ ಪೆನ್ನು ನಿಲ್ಲುವುದು ಈ ಜಾಗದಲ್ಲಿ. ಹಕ್ಕಿಯ ದನಿಯಲ್ಲೂ ಸುಳ್ಳು ಹಿಡಿಯುತ್ತಿದ್ದವರು “ನಾನು ನೋಡ್ಕೋತೀನಿ” ಎಂಬ ಮಾತನ್ನು ಪರೀಕ್ಷೆ ಮಾಡದೆ ಒಪ್ಪಿಕೊಂಡರು.

ಕೋಣೆಗೆ ಮಾತ್ರ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದರು. ಅದೇ ಹೊತ್ತಿಗೆ ಕಾಲೇಜಿನ ಮಾನ್ಯತೆ ನೋಡಲು ತಪಾಸಣೆಯವರು ಬರುವವರಿದ್ದರು. ಇಡೀ ಕಾಲೇಜಿನಲ್ಲಿ ತೋರಿಸುವಂಥದ್ದು ಅಂತ ಇದ್ದದ್ದು ಆ ಕೋಣೆಯೊಂದೇ. ಪ್ರಿನ್ಸಿಪಾಲರು ಮೊದಲು ಕೇಳಿಕೊಂಡರು, ಆಮೇಲೆ ಗದರಿದರು. ಕೊನೆಗೆ ಬೀಗದಕೈ ತೆಗೆದುಕೊಂಡು, ಒಂದು ವಾರ ರಜೆ ಹಾಕಿ ಮನೆಯಲ್ಲಿರಿ ಅಂದರು. ಬೀಗದಕೈ ನನ್ನ ಕೈಗೆ ಬಂತು. ನಾನು ಕೆಲಸ ಕಾಯಂ ಆಗುವುದನ್ನು ಕಾಯುತ್ತಿದ್ದೆ. ತೆಗೆದುಕೊಂಡೆ.

ತಪಾಸಣೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯಲು ಹೋದರೆ ಬಾಗಿಲು ಚೌಕಟ್ಟಿಗೆ ಹಿಡಿದುಕೊಂಡಿತ್ತು. ಭುಜ ಕೊಟ್ಟು ದೂಡಬೇಕಾಯಿತು. ಒಳಗೆ ಎರಡನೇ ಗಾಜೂ ಒಡೆದಿತ್ತು. ಮೂರನೆಯದು, ನೆಲದ ಹತ್ತಿರದ್ದು, ಗೋಡೆಯಲ್ಲಿ ಇರಲೇ ಇಲ್ಲ. ಎರಡು ತುಂಡಾಗಿ ಕೆಳಗೆ ಬಿದ್ದಿತ್ತು. ನಾನು ಆ ತುಂಡುಗಳನ್ನು ಬೀರುವಿನ ಅಡಿಗೆ ಕಾಲಿನಿಂದ ಸರಿಸಿ, ಕುರ್ಚಿಗಳನ್ನು ಸಾಲಾಗಿಟ್ಟೆ. ಹುಡುಗ ಹುಡುಗಿಯರು ಬಂದು ಕೂತರು. ನಲವತ್ತು ಜನ. ನಾನು ಚಾಪೆ ನೇಯುವ ಮುದುಕಿಯ ಡಿಸ್ಕು ಹಾಕಿದೆ.

ತಪಾಸಣೆಯವರು ಮೆಟ್ಟಿಲು ಹತ್ತುವ ಹೊತ್ತಿಗೆ ಅವರ ಹಿಂದೆಯೇ ಮೇಡಂ ಬಂದರು. ಜೊತೆಯಲ್ಲಿ ಪಿಳ್ಳಪ್ಪನವರು. ಬೆಳಗಾಗುತ್ತಲೇ ಬಿಳೇಕಹಳ್ಳಿಗೆ ಹೋಗಿ ಅವರನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದರು. ಮೇಡಂ ಬಾಗಿಲಲ್ಲಿ ನಿಂತು ಗೋಡೆ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಮಕ್ಕಳಿಗೆ, “ಎಲ್ರೂ ಎದ್ದು ನಿಧಾನಕ್ಕೆ ಕೆಳಗೆ ಹೋಗಿ. ಓಡ್ಬೇಡಿ. ಬ್ಯಾಗ್ ಇಲ್ಲೇ ಇರ್ಲಿ,” ಅಂದರು.

“ಏನಿದು ಮೇಡಂ, ಗೆಸ್ಟ್‌ಗಳ ಮುಂದೆ!” ಪ್ರಿನ್ಸಿಪಾಲರು ಕೂಗಿದರು.

ಮೇಡಂ ಪಿಳ್ಳಪ್ಪನವರ ಕಡೆ ತಿರುಗಿದರು. “ನೀವೇ ಹೇಳಿ.”

ಪಿಳ್ಳಪ್ಪನವರು ಚಪ್ಪಲಿ ನೋಡುತ್ತ, “ಬಾವಿ ಐತೆ ಸ್ವಾಮಿ, ಇದ್ರ ಕೆಳಗೆ,” ಅಂದರು.

ಮಕ್ಕಳು ಇಳಿದು ಎದುರಿನ ರಸ್ತೆಯಲ್ಲಿ ನಿಂತರು. ತಪಾಸಣೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಾರು ಹತ್ತಿದರು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಗೋಡೆ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಪಿಳ್ಳಪ್ಪನವರು ಆ ಕಡೆಯ ಕೋಣೆಗಳಿಗೆಲ್ಲ ತಮ್ಮದೇ ಬೀಗ ಜಡಿದರು. ಮೇಡಂ ರಾಜೀನಾಮೆ ಬರೆದುಕೊಟ್ಟರು. ಬರೆಸಿಕೊಂಡರು ಅನ್ನುವುದೇ ಸರಿ. ಸ್ಟಾಫ್ ರೂಮಿನಲ್ಲಿ “ಬಾವಿ ಮೇಡಂ” ಎಂದು ನಗುತ್ತಿದ್ದರು. ನಾನೂ ಒಂದು ಸಲ ನಕ್ಕಿದ್ದೇನೆ.

ಮೂರು ವಾರದ ನಂತರ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಬಿತ್ತು. ಹಿಂದಿನ ಎರಡು ದಿನ ಮಳೆ ಬಂದಿತ್ತು. ಗೋಡೆಯ ಬುಡದ ಮಣ್ಣು ಜಾರಿ, ಅದರ ಹಿಂದೆ ಕಟ್ಟಡದ ಮೂಲೆ ನೆಲದಿಂದ ಸೂರಿನವರೆಗೆ ಗುಂಡಿಗೆ ಇಳಿಯಿತು. ನಾನು ಓಡಿ ಹೋಗಿ ನೋಡುವಾಗ ನಮ್ಮ ಬೀರು ಅರ್ಧಕ್ಕೆ ನೇತಾಡುತ್ತಿತ್ತು, ಡಿಸ್ಕುಗಳು ಕೆಸರಿನ ಮೇಲೆ ಹೊಳೆಯುತ್ತಿದ್ದವು. ಕಾಲೇಜಿನಲ್ಲಿ ಯಾರೂ ಇರಲಿಲ್ಲ. ಭಾನುವಾರವಾದ್ದರಿಂದ ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ ಎಂದು ರಸ್ತೆಯಲ್ಲಿ ನಿಂತವರು ಹೇಳುತ್ತಿದ್ದರು.

ಗುಂಡಿಯಲ್ಲಿ ಭಾನುವಾರವೂ ಕೆಲಸವಿತ್ತು. ನೀರು ಬಳಿದು ಹಾಕಲು ಇಬ್ಬರು ಇಳಿದಿದ್ದರು. ಇಬ್ಬರೂ ಜೀವಂತ ಮೇಲೆ ಬರಲಿಲ್ಲ. ಒಬ್ಬ ದುರಗಪ್ಪ.

ಮೇಡಂ ಸುದ್ದಿ ಕೇಳಿ ಬಂದರು. ಪ್ರಿನ್ಸಿಪಾಲರು ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡು, “ನಮ್ಮ ಮಕ್ಕಳನ್ನ ಉಳಿಸಿದ್ರಿ ಮೇಡಂ, ನಿಮ್ಮ ಸೀಟು ಹಾಗೇ ಇದೆ, ಬನ್ನಿ,” ಅಂದರು. ಮೇಡಂ ಕೈ ಬಿಡಿಸಿಕೊಂಡು ತಗಡಿನ ಶೆಡ್ಡಿನ ಕಡೆ ನಡೆದರು. ನಾನು ಹಿಂದೆ ಹೋದೆ. ಹುಲಿಗೆಮ್ಮ ಅಳುತ್ತಿರಲಿಲ್ಲ. ಮೇಲಿನ ಕೋಣೆಯ ಮೇಡಂಗೆ ಮೊದಲೇ ಗೊತ್ತಿತ್ತಂತೆ ಎಂದು ಅವಳಿಗೆ ಅಷ್ಟರಲ್ಲಿ ಯಾರೋ ಹೇಳಿದ್ದರು.

“ನಿಮಗ ಗೊತ್ತಿತ್ತೇನ್ರಿ ಅಕ್ಕಾರ?”

“ಗೊತ್ತಿತ್ತಮ್ಮ,” ಅಂದರು ಮೇಡಂ.

ಹುಲಿಗೆಮ್ಮ ನನ್ನ ಕಡೆ ನೋಡಿದಳು. ನಾನು ತಲೆ ಬಗ್ಗಿಸಿದೆ.

ಮೇಡಂ ಮತ್ತೆ ಆ ಕಾಲೇಜಿಗೆ ಹೋಗಲಿಲ್ಲ. ಪತ್ರಿಕೆಯವರು ಬಂದಾಗ ಬಾಗಿಲು ತೆರೆಯಲಿಲ್ಲ. ಕೆಲವು ವರ್ಷ ಗಿರಿನಗರದಲ್ಲಿ ಒಂದು ಬಾಡಿಗೆ ಲೈಬ್ರರಿಗೆ ಡಿವಿಡಿ ಆರಿಸಿಕೊಡುತ್ತಿದ್ದರು. ನಾನೊಮ್ಮೆ ಅಲ್ಲಿಗೆ ಹೋದಾಗ ಅವರು ಹೊಸ ಡಿಸ್ಕೊಂದನ್ನು ನೋಡುತ್ತಿದ್ದರು. ಚಿತ್ರ ಒಂದು ಕ್ಷಣ ತಡವರಿಸಿತು. ಅವರು ತಟ್ಟನೆ ಎದ್ದು ಕಿಟಕಿಗೆ ಹೋಗಿ, ಬಗ್ಗಿ, ಕೆಳಗೆ ಯಾರಿದ್ದಾರೆಂದು ನೋಡಿ ಬಂದು ಕೂತರು. ರಸ್ತೆಯಲ್ಲಿ ಲಾರಿಯೊಂದು ಹೋಗಿತ್ತು ಅಷ್ಟೇ. ಹುಲಿಗೆಮ್ಮನ ಊರಿಗೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರೆಂದು ಈಗ ತಂಗಿ ಹೇಳಿದ ಮೇಲೇ ನನಗೆ ತಿಳಿದದ್ದು. ಅಲ್ಲಿಗೆ ಹೋಗಲು ಬಸ್ಸು ನಮ್ಮೂರ ಕಡೆಯಿಂದಲೇ ಹಾಯುತ್ತದೆ. ಒಂದು ಸಲವೂ ನನಗೆ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನನಗೆ ಗೊತ್ತು. ತಂಗಿಯ ಹತ್ತಿರ ಆ ಸಂಗತಿ ಆಡಲಿಲ್ಲ, ಇಲ್ಲಿ ಬರೆಯುತ್ತೇನೆ.

ಕಟ್ಟಡ ಬಿದ್ದ ಮರುದಿನ ಮೇಡಂ ತಾವಾಗಿ ಪೊಲೀಸ್ ಠಾಣೆಗೆ ಹೋದರು. “ಜೊತೆಗೆ ಬರ್ತೀರಾ?” ಎಂದು ಕೇಳಿದ್ದರಿಂದ ನಾನೂ ಹೋದೆ. ಬಿರುಕು, ಗಾಜು, ಬಾವಿ, ಅಣ್ಣತಮ್ಮಂದಿರು, ಬೀಗ, ಎಲ್ಲವನ್ನೂ ಅವರು ಒಂದೊಂದಾಗಿ ಹೇಳಿದರು. ಬರೆದುಕೊಳ್ಳುತ್ತಿದ್ದ ಪೊಲೀಸರು ಮೆಚ್ಚಿಕೊಂಡು, “ನೀವು ಇಲ್ದಿದ್ರೆ ಎಷ್ಟು ಜೀವ ಹೋಗ್ತಿತ್ತು ಮೇಡಂ,” ಅಂದರು.

“ಇನ್ನೊಂದು ಮಾತಿದೆ, ಬರ್ಕೊಳ್ಳಿ. ನಾನು ಕಾಲೇಜಿನೋರಿಗೆ ಹೇಳ್ದೆ, ಮಾಲೀಕರಿಗೆ ಹೇಳ್ದೆ. ಗುಂಡೀಲಿ ಕೆಲಸ ಮಾಡೋರಿಗೆ ಹೇಳ್ಲಿಲ್ಲ. ಕೋಣೆಗೆ ಬೀಗ ಬಿತ್ತು ಅಂತ ನೆಮ್ಮದಿಯಾಗಿ ಮನೇಲಿ ಕೂತೆ.”

“ಇದೆಲ್ಲ ಯಾಕೆ ಮೇಡಂ ನಿಮ್ಮ ಮೇಲೆ ಹಾಕ್ಕೊಳ್ತೀರ?”

“ಬರ್ಕೊಳ್ಳಿ.”

ಅವರು ಬರೆದು ಓದಿ ಹೇಳಿದರು. “ಕೂಲಿ ಕಾರ್ಮಿಕರಿಗೆ ತಿಳಿಸಲು ನನಗೆ ಸಾಧ್ಯವಾಗಲಿಲ್ಲ.”

“ಸಾಧ್ಯವಾಗಲಿಲ್ಲ ಅಲ್ಲ,” ಅಂದರು ಮೇಡಂ. “ತಿಳಿಸಲಿಲ್ಲ. ಹಾಗೆ ತಿದ್ದಿ.”

ತಿದ್ದಿದರು. ಆಮೇಲೆ ಆ ಪೊಲೀಸರು ನನ್ನ ಕಡೆ ತಿರುಗಿದರು. “ನೀವು? ನಿಮಗೇನಾದ್ರೂ ಗೊತ್ತಿತ್ತಾ? ಆ ಲೇಬರ್‌ಗಳ ಪರಿಚಯ ಇತ್ತಾ?”

“ಇಲ್ರೀ ಸರ,” ಅಂದೆ ನಾನು. “ನಾನು ಬರೀ ಅಸಿಸ್ಟೆಂಟ್ರಿ.”

ನನ್ನ ಮಾತಿನ ರಾಗ ಕೇಳಿ ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಮೇಡಂ ನೋಡಲಿಲ್ಲ. ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಮೊದಲಿಂದ ಕೊನೆಯವರೆಗೆ ಓದಿ, ಒಬ್ಬರೇ ಸಹಿ ಹಾಕಿದರು.